ಮುದ್ದೆಮಾಲು ಸಂಖ್ಯೆ ಹದಿನೇಳು

ಪಲ್ಪರ್ ತೊಟ್ಟಿಯ ಕೆಸರಿನಿಂದ ಎತ್ತಿದ್ದು ಇದು.
ಕಾಫಿ ಸಿಪ್ಪೆಯ ಹುಳಿ ವಾಸನೆ ಇನ್ನೂ ಬಿಟ್ಟಿಲ್ಲ.
ಕಣದ ಕಾಫಿ ಕಳವಾಗದಿರಲೆಂದು ಇಟ್ಟ ಕಣ್ಣು,
ಆ ಕಣ್ಣು ಕಂಡದ್ದನ್ನೆಲ್ಲ ನುಂಗಿಕೊಂಡ ಡಬ್ಬಿ,
ಡಬ್ಬಿಯೊಳಗೆ ಅಂಗೈಯಷ್ಟು ಹಾರ್ಡ್ ಡಿಸ್ಕ್.
ಸಿದ್ದಾಪುರದ ಎಸ್.ಐ. ಸಾಹೇಬರು ಅದನ್ನು ಅಕ್ಕಿಯಲ್ಲಿ ಹೂತು ತಂದಿದ್ದರು,
ಮೊಬೈಲು ನೀರಿಗೆ ಬಿದ್ದರೆ ಹಾಗೆ ಮಾಡ್ತಾರೆ ಅಂತ
ಯಾರೋ ಹೇಳಿದರಂತೆ.
ಅಕ್ಕಿಯನ್ನೂ ಪಟ್ಟಿಗೆ ಸೇರಿಸಿದೆ: ಎರಡು ಸೇರು, ಸಣ್ಣಕ್ಕಿ.
ನಗು ಬಂತು. ನಗಲಿಲ್ಲ.

ಮಡಿಕೇರಿಯಲ್ಲಿ ಮಂಜು ಕಾಗದದೊಳಗೂ ಇಳಿಯುತ್ತದೆ.
ಮುದ್ದೆಮಾಲು ಕೋಣೆಯ ಬೀರುವಿನಲ್ಲಿ
ನಲವತ್ತು ವ್ಯಾಟಿನ ಬಲ್ಬು ಹಗಲೂ ರಾತ್ರಿ ಉರಿಸುತ್ತೇನೆ.
ಇಲ್ಲಿ ವಕೀಲರಿಗಿಂತ ಮೊದಲು
ಬೂಷ್ಟು ಪಾಟೀಸವಾಲು ಮಾಡುತ್ತದೆ.

ಮೂಲವನ್ನು ಮುಟ್ಟುವಂತಿಲ್ಲ.
ನಡುವೆ ಒಂದು ಪುಟ್ಟ ಪೆಟ್ಟಿಗೆ:
ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ.
"ನೆನಪಿಗೂ ಇಂಥದೊಂದು ಇದ್ದಿದ್ದರೆ," ಅಂದರು ರೈಟರ್ ಉತ್ತಯ್ಯ,
"ಅರ್ಧ ಸಾಕ್ಷಿಗಳು ತಿರುಗಿಬೀಳುತ್ತಿರಲಿಲ್ಲ, ಚೋಂದಮ್ಮ."
ನಕಲು ಮುಗಿಯಲು ಹತ್ತೊಂಬತ್ತು ಗಂಟೆ.
ಕೊನೆಗೆ ಒಂದು ಸಾಲು, ಅರವತ್ನಾಲ್ಕು ಅಕ್ಷರ,
ಹ್ಯಾಶ್ ಅನ್ನುತ್ತಾರೆ,
ಏಳು ಇ ಮೂರು ಬಿ ಎಂದು ಶುರು.
ಎಲ್ಲೋ ಒಂದು ಚುಕ್ಕಿ ಅಲುಗಿದರೂ
ಸಾಲಿಗೆ ಸಾಲೇ ಬೇರೆಯಾಗಿಬಿಡುತ್ತದೆ.
ಪಾತ್ರೆ ತೊಳೆಯುವಾಗಲೂ ಅದು ಬಾಯಿಗೆ ಬರುತ್ತದೆ ನನಗೆ.

ದಿನಾಂಕದ್ದೇ ತೊಡಕು. ಒಳಗಿನ ಬ್ಯಾಟರಿ ಸತ್ತು
ಕರೆಂಟು ಹೋಗಿ ಬಂದಾಗಲೆಲ್ಲ ಆ ಡಬ್ಬಿಗೆ
ಎರಡು ಸಾವಿರದ ಇಸವಿ, ಜನವರಿ ಒಂದು.
ಆದರೆ ಕಣದ ಆಚೆ, ಇನ್‌ಫ್ರಾರೆಡ್ ಕತ್ತಲಲ್ಲಿ,
ಗಿಡಗಿಡವೂ ಬಿಳಿ.
ಹೂಮಳೆ ಬಿದ್ದು ಎಂಟನೇ ದಿನದ ರೋಬಸ್ಟಾ,
ವರ್ಷಕ್ಕೆ ಎರಡೋ ಮೂರೋ ರಾತ್ರಿ ಹಾಗೆ ಕಾಣುವುದು.
ಇನ್ನು ನಿಮಿಷ: ಅಮ್ಮತ್ತಿ ಕಡೆಯ ಕೊನೆಯ ಬಸ್ಸಿನ ದೀಪ
ಗೋದಾಮಿನ ಗೋಡೆ ಸವರಿ ಹೋಗುತ್ತದೆ.
ಕಂಡಕ್ಟರನ ಟಿಕೆಟ್ ಮಿಷನ್ ಹೇಳಿತು, ಒಂಬತ್ತು ಇಪ್ಪತ್ತೆರಡು.

"ಕಾಫಿ ಗಿಡವೇನು ಪಂಚಾಂಗವೇನಮ್ಮಾ?"
ಎದುರು ಪಕ್ಷದವರು ಕೇಳಿದಾಗ ಕೋರ್ಟು ನಕ್ಕಿತು.
ಇಲ್ಲ ಸ್ವಾಮಿ, ಎಂದೆ.
ಪಂಚಾಂಗವನ್ನಾದರೆ ತಿದ್ದಿ ಅಚ್ಚು ಹಾಕಬಹುದು.

ಅಲ್ಲಿಂದಾಚೆಗಿನ ಹನ್ನೊಂದು ನಿಮಿಷದಲ್ಲಿ ಏನಿದೆ
ಎಂದು ಇಲ್ಲಿ ಬರೆಯಲಾರೆ.
ವಿಚಾರಣೆ ನಡೆಯುತ್ತಿದೆ.

ಬೊಳ್ಳಿ ಬಂದಿದ್ದಳು ಲೈನ್‌ಮನೆಯಿಂದ, ಚಾತನ ಅಕ್ಕ.
ಯಾರು ಅಂತ ಕೇಳಲಿಲ್ಲ, ಯಾಕೆ ಅಂತಲೂ.
"ಅದ್ರಲ್ಲಿ ಅವನು ನಡೀತಾನಾ?" ಎಂದಳು.
ಅವನದೊಂದು ಫೋಟೋ ಇಲ್ಲ ಅವಳ ಬಳಿ,
ಆಧಾರ್ ಕಾರ್ಡಿನದು ಮಾಸಿ
ಯಾರ ಮುಖವಾದರೂ ಆಗಬಹುದು.
ತೋರಿಸುವಂತಿಲ್ಲ, ಎಂದೆ. ಅರಗು ಹಾಕಿ ಸೀಲು ಮಾಡಿದೆ,
ಒಡೆದರೆ ಕೇಸೇ ಒಡೆಯುತ್ತದೆ.
ಅವಳು ಬೆಂಚಿನಿಂದ ಕದಲಲಿಲ್ಲ.
ಯಾವ ಕಲಮಿನಡಿ ಎಂದು ಈಗಲೂ ಗೊತ್ತಿಲ್ಲ,
ಹೇಳಿಬಿಟ್ಟೆ:
ನಡೀತಾನೆ. ಎಡಗಾಲು ಸ್ವಲ್ಪ ಎಳೆದು.

"ಜೇನು ಕೀಳಕ್ಕೆ ಹತ್ತಿ ಬಿದ್ದದ್ದು," ಎನ್ನುತ್ತ ಎದ್ದಳು.
ಠಾಣೆಯ ಪಡಸಾಲೆಯಲ್ಲಿ,
ಬಂದೂಕಿನ ಬೀರುವಿನಿಂದ ನೀರಿನ ಡ್ರಮ್ಮಿನವರೆಗೆ
ಎಡಗಾಲು ಎಳೆದು ನಡೆದಳು.
ತಿರುಗಿ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಮ್ಮೆ,
ಭುಜ ಒಂದಿಷ್ಟು ತಗ್ಗಿಸಿ.
"ಹೀಗಾ?"

ಹೀಗೇ.

ನಾಲ್ಕೂಕಾಲಿನ ಬಸ್ಸಿಗೆ ಹೊರಟುಹೋದಳು.
ರಿಜಿಸ್ಟರಿನಲ್ಲಿ ಸಮಯ ಬರೆಯುವಾಗ
ಗೋಡೆ ಗಡಿಯಾರ ನೋಡಿದೆ, ಕೈಗಡಿಯಾರವನ್ನೂ.
ಮೂರು ನಿಮಿಷದ ವ್ಯತ್ಯಾಸ.
ಎರಡನ್ನೂ ಬರೆದೆ.